ರಿಡಕ್ಷನ್‌ನಿಂದ ರಿಸೆಸಿವ್‌ವರೆಗೆ: ಒಂದು ಉಪಸರ್ಗದ ಕಥೆ

ರಸಾಯನವಿಜ್ಞಾನ ಬೋಧಿಸುವ ಅಧ್ಯಾಪಕರಿಗೆ ವರ್ಷಕ್ಕೊಮ್ಮೆಯಾದರೂ ಎದುರಾಗುವ ಪ್ರಶ್ನೆಯೊಂದಿದೆ. ‘ಎಲೆಕ್ಟ್ರಾನನ್ನು ಕಳೆದುಕೊಳ್ಳುವುದು ಆಕ್ಸಿಡೇಷನ್, ಎಲೆಕ್ಟ್ರಾನನ್ನು ಪಡೆಯುವುದು ರಿಡಕ್ಷನ್’ ಎಂದು ಕಪ್ಪುಹಲಗೆಯ ಮೇಲೆ ಬರೆದೊಡನೆ ಯಾರೋ ಒಬ್ಬ ವಿದ್ಯಾರ್ಥಿ ಎದ್ದು ನಿಲ್ಲುತ್ತಾನೆ. ‘ಸಾರ್, ರಿಡಕ್ಷನ್ ಎಂದರೆ ಕಡಿಮೆಯಾಗುವುದು ತಾನೆ? ಪಡೆದುಕೊಳ್ಳುವುದನ್ನು ಕಡಿಮೆಯಾಗುವುದು ಎಂದು ಏಕೆ ಕರೆಯುತ್ತಾರೆ?’ ಬಟ್ಟೆ ಅಂಗಡಿಯ ಮುಂದೆ ‘ರಿಡಕ್ಷನ್ ಸೇಲ್’ ಎಂಬ ಫಲಕವನ್ನು ನೋಡಿ ಬೆಳೆದ ಹುಡುಗನ ಈ ಪ್ರಶ್ನೆ ನ್ಯಾಯವಾದದ್ದೇ. ಉತ್ತರವಾಗಿ ಸಾಮಾನ್ಯವಾಗಿ ನಾವು ಕೊಡುವುದು ‘ಆಯಿಲ್ ರಿಗ್’ ಎಂಬಂಥ ನೆನಪಿನ ಸೂತ್ರವನ್ನು. ಅದರಿಂದ ಪರೀಕ್ಷೆಯಲ್ಲಿ ಅಂಕ ಬರುತ್ತದೆ, ಸಂದೇಹ ಮಾತ್ರ ಹಾಗೆಯೇ ಉಳಿಯುತ್ತದೆ.

ಸಂದೇಹಕ್ಕೆ ಉತ್ತರ ರಸಾಯನವಿಜ್ಞಾನದಲ್ಲಿ ಅರ್ಧ ಇದೆ, ಪದದ ಚರಿತ್ರೆಯಲ್ಲಿ ಇನ್ನರ್ಧ ಇದೆ. ‘ರಿಡಕ್ಷನ್’ ಪದದ ತಲೆಯಲ್ಲಿರುವ ‘ರಿ’ ಎಂಬ ಚಿಕ್ಕ ಉಪಸರ್ಗವನ್ನು ಹಿಡಿದು ಹೊರಟರೆ ಲೋಹ ಕರಗಿಸುವವರ ಕುಲುಮೆ, ಕೊಪರ್ನಿಕಸ್‌ನ ಗ್ರಹಗಳು, ನ್ಯೂಟನ್‌ನ ಪಟ್ಟಕ, ಮೆಂಡೆಲ್‌ನ ಬಟಾಣಿ ಗಿಡಗಳು ಒಂದೊಂದಾಗಿ ಎದುರಾಗುತ್ತವೆ. ಇಂಗ್ಲಿಷಿನಲ್ಲಿ ‘ರಿ’ಯಿಂದ ಆರಂಭವಾಗುವ ವಿಜ್ಞಾನದ ಪದಗಳು ನೂರಾರು. ಅವುಗಳಲ್ಲಿ ಕೆಲವನ್ನು ಮಾತ್ರ ಇಲ್ಲಿ ಪರಿಶೀಲಿಸೋಣ.

ಉಪಸರ್ಗದ ಮೂಲ

‘ರಿ’ ಇಂಗ್ಲಿಷಿಗೆ ಬಂದದ್ದು ಲ್ಯಾಟಿನ್ ಭಾಷೆಯಿಂದ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಭಾಷೆಯ ಮೂಲಕ ಇಂಥ ಪದಗಳು ದೊಡ್ಡ ಸಂಖ್ಯೆಯಲ್ಲಿ ಒಳಬಂದವು. ಮುಂದೆ 16 ಮತ್ತು 17ನೆಯ ಶತಮಾನಗಳಲ್ಲಿ ವಿದ್ವಾಂಸರು ಲ್ಯಾಟಿನ್ ಗ್ರಂಥಗಳಿಂದ ನೇರವಾಗಿ ಇನ್ನಷ್ಟು ಪದಗಳನ್ನು ತೆಗೆದುಕೊಂಡರು. ಆಧುನಿಕ ವಿಜ್ಞಾನ ರೂಪುಗೊಂಡದ್ದೂ ಅದೇ ಕಾಲದಲ್ಲಿ. ಆದ್ದರಿಂದಲೇ ವಿಜ್ಞಾನದ ಪಾರಿಭಾಷಿಕ ಪದಗಳಲ್ಲಿ ಈ ಉಪಸರ್ಗ ಇಷ್ಟೊಂದು ಕಾಣಿಸುತ್ತದೆ.

ಲ್ಯಾಟಿನ್‌ನಲ್ಲಿ ಇದರ ಮೊದಲ ಅರ್ಥ ‘ಹಿಂದಕ್ಕೆ’. ಅದರಿಂದ ಹುಟ್ಟಿದ ಎರಡನೆಯ ಅರ್ಥ ‘ಮತ್ತೆ’. ಹಿಂದಕ್ಕೆ ಹೋದವನು ಮೊದಲಿದ್ದ ಜಾಗಕ್ಕೆ ಮತ್ತೆ ಬರುತ್ತಾನಲ್ಲವೆ? ಕನ್ನಡದ ‘ತಿರುಗಿ’ ಎಂಬ ಮಾತನ್ನು ಗಮನಿಸಿದರೆ ಇದು ಸುಲಭವಾಗಿ ತಿಳಿಯುತ್ತದೆ. ‘ಊರಿಗೆ ತಿರುಗಿ ಬಂದ’ ಎಂದಾಗ ಅರ್ಥ ಹಿಂದಕ್ಕೆ, ‘ಅದನ್ನೇ ತಿರುಗಿ ಹೇಳಿದ’ ಎಂದಾಗ ಅರ್ಥ ಮತ್ತೆ. ಲ್ಯಾಟಿನ್ ಉಪಸರ್ಗಕ್ಕೆ ಇವೆರಡರ ಜೊತೆಗೆ ‘ಎದುರಾಗಿ’ ಎಂಬ ಅರ್ಥವೂ ಉಂಟು. ಕೆಲವೊಮ್ಮೆ ಅದು ಕ್ರಿಯೆಗೆ ಒತ್ತು ಕೊಡುವುದಕ್ಕಷ್ಟೇ ಬರುತ್ತದೆ. ಸ್ವರದಿಂದ ಆರಂಭವಾಗುವ ಪದದ ಮುಂದೆ ಅದು ‘ರೆಡ್’ ಎಂಬ ರೂಪ ತಾಳುವುದೂ ಇದೆ. ಈ ನಾಲ್ಕು ಅರ್ಥಗಳಲ್ಲಿ ಯಾವುದು ಎಲ್ಲಿದೆ ಎಂಬುದನ್ನು ಗುರುತಿಸದಿದ್ದರೆ ಪದವೇ ದಾರಿ ತಪ್ಪಿಸಬಹುದು.

ಲೋಹ ಹಿಂದಿರುಗಿದಾಗ

ಈಗ ರಿಡಕ್ಷನ್‌ಗೆ ಬರೋಣ. ಲ್ಯಾಟಿನ್‌ನಲ್ಲಿ ‘ಡೂಕೆರೆ’ ಎಂದರೆ ಕರೆದೊಯ್ಯು, ನಡೆಸು. ‘ರೆಡೂಕೆರೆ’ ಎಂದರೆ ಹಿಂದಕ್ಕೆ ಕರೆತರು. ಇಂಗ್ಲಿಷಿನಲ್ಲೂ ಈ ಪದಕ್ಕೆ ಮೊದಲಿದ್ದ ಅರ್ಥ ಇದೇ. ‘ಕಡಿಮೆ ಮಾಡು’ ಎಂಬ ಅರ್ಥ ಬೆಳೆದದ್ದು ಆಮೇಲೆ. ಹಳೆಯ ಅರ್ಥ ಒಂದು ಕಡೆ ಇಂದಿಗೂ ಜೀವಂತವಾಗಿದೆ. ಕೀಲು ತಪ್ಪಿದ ಮೂಳೆಯನ್ನು ಅದರ ಸ್ಥಾನಕ್ಕೆ ತಂದು ಕೂರಿಸುವುದನ್ನು ಮೂಳೆ ವೈದ್ಯರು ರಿಡಕ್ಷನ್ ಎನ್ನುತ್ತಾರೆ. ಅಲ್ಲಿ ಯಾವುದೂ ಕಡಿಮೆಯಾಗುವುದಿಲ್ಲ. ಜಾಗ ಬಿಟ್ಟು ಹೋದ ಮೂಳೆ ತನ್ನ ಜಾಗಕ್ಕೆ ಹಿಂದಿರುಗುತ್ತದೆ, ಅಷ್ಟೆ.

ಲೋಹಗಾರರು ಈ ಪದವನ್ನು ಬಳಸಿದ್ದೂ ಇದೇ ಅರ್ಥದಲ್ಲಿ. ಸೀಸ, ತವರ ಮುಂತಾದ ಲೋಹಗಳನ್ನು ಗಾಳಿಯಲ್ಲಿ ಬಹುಕಾಲ ಕಾಯಿಸಿದರೆ ಹೊಳಪು ಹೋಗಿ ಪುಡಿಯಂಥ ಭಸ್ಮ ಉಳಿಯುತ್ತದೆ. ಆ ಭಸ್ಮವನ್ನು ಇದ್ದಿಲಿನೊಡನೆ ಬೆರೆಸಿ ಬಲವಾಗಿ ಕಾಯಿಸಿದರೆ ಹೊಳೆಯುವ ಲೋಹ ಮತ್ತೆ ಕಾಣಿಸಿಕೊಳ್ಳುತ್ತದೆ. ಲೋಹ ಎಲ್ಲಿಗೋ ಹೋಗಿತ್ತು, ಅದನ್ನು ಹಿಂದಕ್ಕೆ ಕರೆತಂದೆವು ಎಂಬುದು ಅವರ ಭಾವನೆ. ಹಾಗಾಗಿ ಅದು ರಿಡಕ್ಷನ್.

ಲೋಹ ಹೇಗೆ ಹಿಂದಿರುಗುತ್ತದೆ ಎಂಬುದಕ್ಕೆ ಜರ್ಮನಿಯ ವೈದ್ಯ ಹಾಗೂ ರಸಾಯನವಿಜ್ಞಾನಿ ಗೇಯಾರ್ಗ್ ಅರ್ನ್ಸ್ಟ್ ಸ್ಟಾಲ್ (1659–1734) ಕೊಟ್ಟ ವಿವರಣೆ ‘ಫ್ಲಾಜಿಸ್ಟನ್ ವಾದ’ ಎಂದು ಪ್ರಸಿದ್ಧವಾಗಿದೆ. ಲೋಹವನ್ನು ಕಾಯಿಸಿದಾಗ ಅದರಲ್ಲಿರುವ ಫ್ಲಾಜಿಸ್ಟನ್ ಎಂಬ ದಹನತತ್ತ್ವ ಹೊರಟುಹೋಗಿ ಭಸ್ಮ ಉಳಿಯುತ್ತದೆ. ಇದ್ದಿಲಿನಲ್ಲಿ ಫ್ಲಾಜಿಸ್ಟನ್ ಹೇರಳವಾಗಿದೆ. ಇದ್ದಿಲಿನೊಡನೆ ಕಾಯಿಸಿದಾಗ ಭಸ್ಮಕ್ಕೆ ಅದು ಮರಳಿ ಸಿಕ್ಕಿ ಲೋಹವಾಗುತ್ತದೆ. ಇದು ಸ್ಟಾಲ್‌ನ ವಾದ. ಆದರೆ ತೂಕ ಮಾಡಿ ನೋಡಿದರೆ ಭಸ್ಮವು ಲೋಹಕ್ಕಿಂತ ಭಾರವಾಗಿರುತ್ತಿತ್ತು. ಏನನ್ನೋ ಕಳೆದುಕೊಂಡ ವಸ್ತು ಹೆಚ್ಚು ತೂಗುವುದಾದರೂ ಹೇಗೆ?

ಈ ತೊಡಕನ್ನು ಬಿಡಿಸಿದವನು ಫ್ರಾನ್ಸಿನ ಆಂಟೊಯಿನ್ ಲಾವೊಸಿಯೆ (1743–1794). 1789ರಲ್ಲಿ ಪ್ರಕಟವಾದ ತನ್ನ ರಸಾಯನವಿಜ್ಞಾನ ಗ್ರಂಥದಲ್ಲಿ ಆತ ವಿವರಿಸಿರುವ ಪ್ರಯೋಗ ಹೀಗಿದೆ. ಬಾಗಿದ ಕತ್ತಿನ ಗಾಜಿನ ಪಾತ್ರೆಯಲ್ಲಿ 4 ಔನ್ಸ್ ಪಾದರಸವನ್ನಿಟ್ಟು, ಅದಕ್ಕೆ ಸುಮಾರು 50 ಘನ ಅಂಗುಲ ಗಾಳಿಯ ಸಂಪರ್ಕ ಮಾತ್ರ ಇರುವಂತೆ ಮಾಡಿ, 12 ದಿನ ಕಾಯಿಸಿದ. ಪಾದರಸದ ಮೇಲೆ ಕೆಂಪು ಕಣಗಳು ಮೂಡಿದವು. ಗಾಳಿ 42–43 ಘನ ಅಂಗುಲಕ್ಕೆ ಇಳಿಯಿತು. ಉಳಿದ ಗಾಳಿಯಲ್ಲಿ ದೀಪ ಉರಿಯಲಿಲ್ಲ. ಕೆಂಪು ಕಣಗಳನ್ನು ಒಟ್ಟುಗೂಡಿಸಿದಾಗ ದೊರೆತದ್ದು 45 ಗ್ರೇನ್. ಅದನ್ನು ಗಾಜಿನ ಚಿಕ್ಕ ರಿಟಾರ್ಟಿನಲ್ಲಿಟ್ಟು ಇನ್ನೂ ಹೆಚ್ಚು ಕಾಯಿಸಿದಾಗ ನಲವತ್ತೊಂದೂವರೆ ಗ್ರೇನ್ ಪಾದರಸವೂ 7–8 ಘನ ಅಂಗುಲ ಅನಿಲವೂ ಬಂದವು. ಆ ಅನಿಲದಲ್ಲಿ ದೀಪ ಉಜ್ವಲವಾಗಿ ಉರಿಯಿತು. ಅದಕ್ಕೆ ಆತ ಇಟ್ಟ ಹೆಸರೇ ಆಕ್ಸಿಜನ್. (ಪಾದರಸದ ಆವಿ ವಿಷಕಾರಿ. ಈ ಪ್ರಯೋಗವನ್ನು ಶಾಲೆಯಲ್ಲಿ ಮಾಡಬಾರದು.) ಅಂದಹಾಗೆ, ರಿಟಾರ್ಟ್ ಎಂಬ ಹೆಸರಿನಲ್ಲೂ ನಮ್ಮ ಉಪಸರ್ಗವೇ ಇದೆ. ಹಿಂದಕ್ಕೆ ತಿರುಚಿದ ಕತ್ತುಳ್ಳದ್ದು ಎಂದು ಅದರ ಅರ್ಥ.

45 ಗ್ರೇನ್ ಭಸ್ಮದಿಂದ ನಲವತ್ತೊಂದೂವರೆ ಗ್ರೇನ್ ಲೋಹ! ಕಾರಣ ಸ್ಪಷ್ಟವಾಯಿತು. ಭಸ್ಮವಾಗುವುದೆಂದರೆ ಲೋಹ ಆಕ್ಸಿಜನ್ನಿನೊಡನೆ ಸೇರುವುದು, ಲೋಹ ಹಿಂದಿರುಗುವುದೆಂದರೆ ಆಕ್ಸಿಜನ್ ಬಿಟ್ಟುಹೋಗುವುದು. ಫ್ಲಾಜಿಸ್ಟನ್ ವಾದ ಬಿದ್ದುಹೋಯಿತು. ರಿಡಕ್ಷನ್ ಎಂಬ ಪದ ಮಾತ್ರ ಉಳಿಯಿತು. ಲೋಹ ಹಿಂದಿರುಗುವಾಗ ತೂಕ ನಿಜವಾಗಿಯೂ ಇಳಿಯುವುದರಿಂದ ‘ಕಡಿಮೆಯಾಗುವುದು’ ಎಂಬ ಹೊಸ ಅರ್ಥವೂ ಆಕಸ್ಮಿಕವಾಗಿ ಅದಕ್ಕೆ ಹೊಂದಿಕೊಂಡಿತು. ಹಳೆಯ ಅರ್ಥ ಮರೆಯಾಗಲು ಇದೂ ಅನುಕೂಲ ಮಾಡಿಕೊಟ್ಟಿತು.

1897ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ ಮೇಲೆ, 20ನೆಯ ಶತಮಾನದಲ್ಲಿ ಈ ಕ್ರಿಯೆಗಳನ್ನು ಎಲೆಕ್ಟ್ರಾನ್ ವರ್ಗಾವಣೆಯಾಗಿ ನೋಡುವ ಕ್ರಮ ಬಂತು. ಈಗ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಹೇಳಬಹುದು. ಕಬ್ಬಿಣದ ಅದಿರಿನಲ್ಲಿರುವ ಕಬ್ಬಿಣದ ಪರಮಾಣು ತನ್ನ ಮೂರು ಎಲೆಕ್ಟ್ರಾನುಗಳನ್ನು ಆಕ್ಸಿಜನ್ನಿಗೆ ಬಿಟ್ಟುಕೊಟ್ಟಿದೆ ಎಂದು ಲೆಕ್ಕ. ಕುಲುಮೆಯಲ್ಲಿ ಆ ಮೂರೂ ಅದಕ್ಕೆ ಹಿಂದಿರುಗುತ್ತವೆ. ಆಗ ಅದು ಮತ್ತೆ ಲೋಹವಾಗುತ್ತದೆ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಊದುಕುಲುಮೆ ಕೆಲಸ ಆರಂಭಿಸಿದಾಗ, ಕೆಮ್ಮಣ್ಣುಗುಂಡಿಯ ಅದಿರಿನಿಂದ ಕಬ್ಬಿಣವನ್ನು ‘ಕರೆತಂದದ್ದು’ ಮಲೆನಾಡಿನ ಕಟ್ಟಿಗೆಯ ಇದ್ದಿಲು. ತರಗತಿಯಲ್ಲಿ ತೋರಿಸಲು ಅಷ್ಟು ದೊಡ್ಡ ಕುಲುಮೆ ಬೇಕಿಲ್ಲ. ಮೈಲುತುತ್ತದ ದ್ರಾವಣದಲ್ಲಿ ಕಬ್ಬಿಣದ ಮೊಳೆಯೊಂದನ್ನು ಇಳಿಬಿಟ್ಟರೆ ಸಾಕು. ನೀಲಿ ದ್ರಾವಣದಲ್ಲಿ ಅಡಗಿದ್ದ ತಾಮ್ರ ಎರಡು ಎಲೆಕ್ಟ್ರಾನುಗಳನ್ನು ಮರಳಿ ಪಡೆದು ಮೊಳೆಯ ಮೇಲೆ ಕೆಂಗಂದು ಲೇಪವಾಗಿ ಹಿಂದಿರುಗುತ್ತದೆ.

ಕ್ಲೋರಿನ್ ಪರಮಾಣು ಎಲೆಕ್ಟ್ರಾನ್ ಪಡೆದು ಕ್ಲೋರೈಡ್ ಆಗುವುದನ್ನೂ ಇಂದು ರಿಡಕ್ಷನ್ ಎನ್ನುತ್ತೇವೆ. ಅಲ್ಲಿ ಹಿಂದಿರುಗಿ ಬರುವ ಲೋಹ ಯಾವುದೂ ಇಲ್ಲ. ಲೋಹಗಳಿಗಾಗಿ ಹುಟ್ಟಿದ ಪದ ಅರ್ಥವಿಸ್ತಾರ ಪಡೆದು ಅಲ್ಲಿಯವರೆಗೆ ಹೋಗಿದೆ.

ಕನ್ನಡದಲ್ಲಿ ನಾವು ಆಕ್ಸಿಡೇಷನ್‌ಗೆ ಉತ್ಕರ್ಷಣ ಎಂದೂ ರಿಡಕ್ಷನ್‌ಗೆ ಅಪಕರ್ಷಣ ಎಂದೂ ಹೇಳುತ್ತೇವೆ. ಕರ್ಷಣ ಎಂದರೆ ಎಳೆಯುವುದು. ‘ಉತ್’ ಮೇಲಕ್ಕೆ, ‘ಅಪ’ ಆಚೆಗೆ ಅಥವಾ ಕೆಳಕ್ಕೆ. ಎರಡು ಪದಗಳೂ ಜೋಡಿಯಾಗಿ ನೆನಪಿನಲ್ಲಿ ಉಳಿಯುತ್ತವೆ ಎಂಬುದು ಅನುಕೂಲ. ಆದರೆ ‘ಹಿಂದಿರುಗಿಸು’ ಎಂಬ ಮೂಲ ಭಾವ ಅಪಕರ್ಷಣದಲ್ಲಿ ಇಲ್ಲ. ಅದನ್ನು ಅಧ್ಯಾಪಕರೇ ಬಾಯಿಮಾತಿನಲ್ಲಿ ತುಂಬಬೇಕು.

ಕೂಡಿಸಿ ನೋಡುವ ಪರೀಕ್ಷೆ

ಲಾವೊಸಿಯೆ ತನ್ನ ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಲಿಲ್ಲ. ಕೆಂಪು ಭಸ್ಮದಿಂದ ಬಂದ ಅನಿಲವನ್ನು ಪಾತ್ರೆಯಲ್ಲಿ ಉಳಿದಿದ್ದ ಗಾಳಿಗೆ ಮತ್ತೆ ಬೆರೆಸಿದ. ಮೊದಲಿನಂಥ ಸಾಧಾರಣ ಗಾಳಿಯೇ ದೊರೆಯಿತು. ಬಿಡಿಸಿದ್ದು ಸರಿ ಎಂಬುದಕ್ಕೆ ಮತ್ತೆ ಕೂಡಿಸಿದ್ದೇ ಪುರಾವೆ.

ಈ ಕ್ರಮ ಅವನಿಗಿಂತ ಹಳೆಯದು. ರಾಬರ್ಟ್ ಬಾಯ್ಲ್ 1661ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಪೆಟ್ಲುಪ್ಪಿನ ಮೇಲಿನ ಪ್ರಯೋಗ ಬರುತ್ತದೆ. ಕರಗಿದ ಪೆಟ್ಲುಪ್ಪಿಗೆ ಉರಿಯುವ ಇದ್ದಿಲನ್ನು ಹಾಕಿ ಅದನ್ನು ವಿಭಜಿಸಿದ ಬಾಯ್ಲ್, ಉಳಿದ ಕ್ಷಾರಕ್ಕೆ ಇಂದು ನಾವು ನೈಟ್ರಿಕ್ ಆಮ್ಲ ಎನ್ನುವ ದ್ರವವನ್ನು ಸೇರಿಸಿ ಪೆಟ್ಲುಪ್ಪನ್ನು ಮತ್ತೆ ಪಡೆದ. ಇದನ್ನು ಆತ ‘ರೆಡಿಂಟಿಗ್ರೇಷನ್’ ಎಂದು ಕರೆದ. ಮತ್ತೆ ಇಡಿಯಾಗಿಸುವುದು ಎಂದು ಅರ್ಥ. ‘ರೆಡ್’ ರೂಪದ ಉಪಸರ್ಗ ಇಲ್ಲಿ ಕಾಣುತ್ತದೆ. 1672ರಲ್ಲಿ ನ್ಯೂಟನ್ ರಾಯಲ್ ಸೊಸೈಟಿಗೆ ಬರೆದ ಬೆಳಕಿನ ಬಗೆಗಿನ ಪತ್ರದಲ್ಲೂ ಇದೇ ತರ್ಕ. ಪಟ್ಟಕ ಬಿಳಿಯ ಬೆಳಕನ್ನು ಬಣ್ಣಗಳಾಗಿ ಬಿಡಿಸುತ್ತದೆ. ಆ ಬಣ್ಣಗಳನ್ನು ಮಸೂರದ ನೆರವಿನಿಂದ ಒಂದೆಡೆ ಕೂಡಿಸಿದರೆ ಬಿಳಿಯ ಬೆಳಕೇ ಮರಳಿ ಬರುತ್ತದೆ. ಬಣ್ಣವನ್ನು ಪಟ್ಟಕ ಹೊಸದಾಗಿ ಸೃಷ್ಟಿಸಿಲ್ಲ ಎಂಬ ವಾದಕ್ಕೆ ಇದು ಬಲವಾದ ಆಧಾರವಾಯಿತು.

ಬಿಡಿಸಿದ್ದನ್ನು ಕೂಡಿಸಿದಾಗ ಮೊದಲಿನ ವಸ್ತುವೇ ಹಿಂದಿರುಗಬೇಕು ಎಂಬ ಈ ಪರೀಕ್ಷೆ ಹೊಸ ವಿಜ್ಞಾನದ ಮುಖ್ಯ ಸಾಧನಗಳಲ್ಲಿ ಒಂದಾಗಿತ್ತು. ವಿಜ್ಞಾನದ ಪದಗಳಲ್ಲಿ ‘ರಿ’ ಅಷ್ಟು ಸಲ ಬರುವುದಕ್ಕೆ ಇದೂ ಒಂದು ಕಾರಣ ಎನ್ನಬಹುದು.

ಬೆಳಕು ಬಾಗಿತೇ, ಮುರಿಯಿತೇ?

ರಿಫ್ಲೆಕ್ಷನ್ ಮತ್ತು ರಿಫ್ರಾಕ್ಷನ್ ಪದಗಳನ್ನು ವಿದ್ಯಾರ್ಥಿಗಳು ಅದಲುಬದಲು ಮಾಡುವುದು ಸಾಮಾನ್ಯ. ಮೂಲ ತಿಳಿದರೆ ಈ ಗೊಂದಲ ಇರದು. ರಿಫ್ಲೆಕ್ಷನ್‌ನಲ್ಲಿರುವುದು ‘ಬಾಗಿಸು’ ಎಂಬ ಅರ್ಥದ ಲ್ಯಾಟಿನ್ ಧಾತು. ಬೆಳಕು ಹಿಂದಕ್ಕೆ ಬಾಗುತ್ತದೆ, ಅಂದರೆ ಬಂದ ಕಡೆಗೇ ಮರಳುತ್ತದೆ. ರಿಫ್ರಾಕ್ಷನ್‌ನಲ್ಲಿರುವುದು ‘ಮುರಿ’ ಎಂಬ ಅರ್ಥದ ಧಾತು. ಭಿನ್ನರಾಶಿಗೆ ಹೇಳುವ ಫ್ರಾಕ್ಷನ್, ಮೂಳೆ ಮುರಿತಕ್ಕೆ ಹೇಳುವ ಫ್ರಾಕ್ಚರ್ ಎರಡೂ ಅದರ ಬಳಗದವೇ. ನೀರಿನಲ್ಲಿ ಓರೆಯಾಗಿ ಇಟ್ಟ ಪೆನ್ಸಿಲ್ ಮುರಿದಂತೆ ಕಾಣುವುದನ್ನು ನೆನೆದರೆ ಪದ ತಾನಾಗಿಯೇ ನೆನಪಿಗೆ ಬರುತ್ತದೆ.

ರಿಫ್ರಾಕ್ಷನ್‌ನಲ್ಲಿ ಬೆಳಕು ಹಿಂದಿರುಗುವುದಿಲ್ಲ, ಮುಂದಕ್ಕೇ ಹೋಗುತ್ತದೆ. ಆದ್ದರಿಂದ ಇಲ್ಲಿಯ ‘ರಿ’ಯನ್ನು ‘ಹಿಂದಕ್ಕೆ’ ಎಂದು ಓದಬಾರದು. ನೇರ ಹಾದಿಯಿಂದ ಮುರಿದು ತಿರುಗುವುದು ಎಂಬುದಷ್ಟೇ ಭಾವ. ಕನ್ನಡದ ‘ವಕ್ರೀಭವನ’ ಉಪಸರ್ಗದ ಹಂಗನ್ನೇ ಬಿಟ್ಟು ‘ವಕ್ರವಾಗುವುದು’ ಎಂದು ನಡೆಯುವುದನ್ನೇ ಹೇಳುತ್ತದೆ. ‘ಪ್ರತಿಫಲನ’ದಲ್ಲಿ ‘ಪ್ರತಿ’ಯನ್ನು ಉಳಿಸಿಕೊಂಡಿದ್ದೇವೆ, ಅಲ್ಲಿ ಅದು ಬೇಕು. ಹೀಗೆ ಒಂದರಲ್ಲಿ ಉಳಿಸಿ ಇನ್ನೊಂದರಲ್ಲಿ ಬಿಟ್ಟದ್ದರಿಂದ ಕನ್ನಡದ ಜೋಡಿ ಇಂಗ್ಲಿಷಿನದಕ್ಕಿಂತ ಸ್ಪಷ್ಟವಾಗಿದೆ.

ತಿರುಗಿ ಬರುವ ಗ್ರಹ, ತಿರುಗಿ ಬಾರದ ಕ್ರಾಂತಿ

ರೆವಲ್ಯೂಷನ್ ಎಂಬ ಪದದ ಮೂಲಾರ್ಥ ಉರುಳುತ್ತ ಮೊದಲಿನ ಜಾಗಕ್ಕೆ ಬರುವುದು. ಖಗೋಳವಿಜ್ಞಾನದಲ್ಲಿ ಇದು ಬಹು ಹಿಂದಿನಿಂದ ಬಳಕೆಯಲ್ಲಿತ್ತು. 1543ರಲ್ಲಿ ಪ್ರಕಟವಾದ ಕೊಪರ್ನಿಕಸ್‌ನ ಮಹಾಗ್ರಂಥದ ಶೀರ್ಷಿಕೆಯಲ್ಲೇ ಈ ಪದವಿದೆ. ಗುರು ಸುಮಾರು 12 ವರ್ಷಗಳಲ್ಲಿ, ಶನಿ ಸುಮಾರು ಇಪ್ಪತ್ತೊಂಬತ್ತೂವರೆ ವರ್ಷಗಳಲ್ಲಿ ಹೊರಟಲ್ಲಿಗೇ ಬರುತ್ತವೆ. ತಪ್ಪದೆ ಹಿಂದಿರುಗುವುದರಿಂದಲೇ ಅವುಗಳ ಸ್ಥಾನವನ್ನು ಮುಂಚಿತವಾಗಿ ಲೆಕ್ಕ ಹಾಕಲು ಸಾಧ್ಯ.

ಈ ಪದ ರಾಜಕೀಯಕ್ಕೆ ಇಳಿದಾಗಲೂ ಮೊದಮೊದಲು ‘ಹಿಂದಿನ ಸ್ಥಿತಿಗೆ ಮರಳುವುದು’ ಎಂಬ ಛಾಯೆ ಉಳಿದಿತ್ತು. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಅರಸೊತ್ತಿಗೆ ಹೋಗಿ, 1660ರಲ್ಲಿ ಮರಳಿ ಬಂದಾಗ ಅದನ್ನು ಚಕ್ರ ಒಂದು ಸುತ್ತು ತಿರುಗಿದಂತೆ ಕಂಡವರಿದ್ದರು. 1789ರ ಫ್ರಾನ್ಸಿನ ಘಟನೆಗಳ ಬಳಿಕ ಅರ್ಥ ತಲೆಕೆಳಗಾಯಿತು. ರೆವಲ್ಯೂಷನ್ ಎಂದರೆ ಹಿಂದಕ್ಕೆ ಹೋಗಲಾರದ ಬದಲಾವಣೆ ಎಂದಾಯಿತು. ಇವೆರಡರ ನಡುವೆ, 1773ರಲ್ಲಿ, ನಮ್ಮ ಲಾವೊಸಿಯೆ ತನ್ನ ಪ್ರಯೋಗಾಲಯದ ಟಿಪ್ಪಣಿ ಪುಸ್ತಕದಲ್ಲಿ ತಾನು ಕೈಗೊಳ್ಳಲಿರುವ ಕೆಲಸ ಭೌತವಿಜ್ಞಾನ ಮತ್ತು ರಸಾಯನವಿಜ್ಞಾನಗಳಲ್ಲಿ ‘ರೆವಲ್ಯೂಷನ್’ ತರಬಹುದೆಂದು ಬರೆದುಕೊಂಡಿದ್ದ. ಅದು ನಿಜವಾಯಿತು. ಆದರೆ ತೆರಿಗೆ ವಸೂಲಿ ಗುತ್ತಿಗೆಯಲ್ಲಿ ಪಾಲುದಾರನಾಗಿದ್ದ ಅವನನ್ನು 1794ರ ಮೇ 8ರಂದು ಇನ್ನೊಂದು ರೆವಲ್ಯೂಷನ್ ಗಿಲಟಿನ್ನಿಗೆ ಕಳಿಸಿತು.

ಕನ್ನಡದಲ್ಲಿ ಎರಡು ಅರ್ಥಗಳಿಗೆ ಎರಡು ಪದಗಳಿವೆ: ಗ್ರಹಕ್ಕೆ ಪರಿಭ್ರಮಣ, ಸಮಾಜಕ್ಕೆ ಕ್ರಾಂತಿ. ಸ್ವಾರಸ್ಯವೆಂದರೆ ಕ್ರಾಂತಿ ಎಂಬ ಪದವೂ ಆಕಾಶದಲ್ಲಿ ಓಡಾಡಿದ್ದೇ. ಸೂರ್ಯನ ತೋರಿಕೆಯ ವಾರ್ಷಿಕ ಪಥಕ್ಕೆ ಕ್ರಾಂತಿವೃತ್ತ ಎನ್ನುತ್ತೇವೆ. ಸಂಕ್ರಾಂತಿಯಲ್ಲಿರುವುದೂ ಅದೇ ಪದ. ಆದರೆ ಇದರ ಮೂಲದಲ್ಲಿ ಇರುವುದು ಹೆಜ್ಜೆ ಇಡುವುದು, ದಾಟುವುದು ಎಂಬ ಅರ್ಥ. ಮರಳಿ ಬರುವುದು ಎಂಬ ಭಾವ ಇಲ್ಲಿಲ್ಲ. ಹಾಗಾಗಿ ರಾಜಕೀಯ ಅರ್ಥಕ್ಕೆ ಇಂಗ್ಲಿಷ್ ಪದಕ್ಕಿಂತ ನಮ್ಮದೇ ಹೆಚ್ಚು ಹೊಂದುತ್ತದೆ.

ಪ್ರತಿಕ್ರಿಯೆ ಆಮೇಲೆ ಬರುವುದಲ್ಲ

ನ್ಯೂಟನ್ನನ ಮೂರನೆಯ ನಿಯಮ (1687) ಹೇಳುವ ರಿಯಾಕ್ಷನ್‌ನಲ್ಲಿ ‘ರಿ’ ‘ಎದುರಾಗಿ’ ಎಂಬ ಅರ್ಥದಲ್ಲಿದೆ. ಕನ್ನಡದ ‘ಪ್ರತಿಕ್ರಿಯೆ’ ಅದಕ್ಕೆ ಸರಿಯಾದ ಪದವೇ. ಆದರೆ ದಿನಬಳಕೆಯಲ್ಲಿ ಒಬ್ಬರು ಏನಾದರೂ ಹೇಳಿದ ಬಳಿಕ ಇನ್ನೊಬ್ಬರು ಪ್ರತಿಕ್ರಿಯೆ ನೀಡುತ್ತಾರೆ. ಇದರಿಂದ ವಿದ್ಯಾರ್ಥಿಗಳು ಮೊದಲು ಕ್ರಿಯೆ, ಆಮೇಲೆ ಪ್ರತಿಕ್ರಿಯೆ ಎಂದು ಭಾವಿಸುತ್ತಾರೆ. ನ್ಯೂಟನ್ನನ ನಿಯಮದಲ್ಲಿ ಮೊದಲು–ಆಮೇಲೆ ಎಂಬುದಿಲ್ಲ. ಗೋಡೆಯನ್ನು ನಾವು ತಳ್ಳುವುದೂ ಗೋಡೆ ನಮ್ಮನ್ನು ತಳ್ಳುವುದೂ ಒಂದೇ ಕ್ಷಣದಲ್ಲಿ ನಡೆಯುತ್ತವೆ. ಯಾವುದನ್ನು ಕ್ರಿಯೆ ಎನ್ನಬೇಕು, ಯಾವುದನ್ನು ಪ್ರತಿಕ್ರಿಯೆ ಎನ್ನಬೇಕು ಎಂಬುದು ನಮ್ಮ ಆಯ್ಕೆ.

ರಸಾಯನವಿಜ್ಞಾನದ ರಿಯಾಕ್ಷನ್‌ಗೆ ನಾವು ಹೆಚ್ಚಾಗಿ ‘ರಾಸಾಯನಿಕ ಕ್ರಿಯೆ’ ಎನ್ನುತ್ತೇವೆ. ಇಲ್ಲಿ ‘ಪ್ರತಿ’ಯನ್ನು ಬಿಟ್ಟದ್ದು ಒಳ್ಳೆಯದೇ ಆಯಿತು. ಆಮ್ಲ ಮತ್ತು ಕ್ಷಾರಗಳಲ್ಲಿ ಒಂದು ಕ್ರಿಯೆ ನಡೆಸಿ ಇನ್ನೊಂದು ಉತ್ತರ ಕೊಡುವುದಿಲ್ಲ. ಎರಡೂ ಪರಸ್ಪರ ವರ್ತಿಸುತ್ತವೆ.

ಹಿಂದೆ ಸರಿದ ಗುಣ

ಪದದ ಆಯ್ಕೆ ತಿಳಿವಳಿಕೆಯ ಮೇಲೆ ಎಷ್ಟು ಪರಿಣಾಮ ಬೀರುತ್ತದೆ ಎಂಬುದಕ್ಕೆ ತಳಿವಿಜ್ಞಾನದಲ್ಲಿ ಒಳ್ಳೆಯ ಉದಾಹರಣೆ ಇದೆ. ಗ್ರೆಗರ್ ಮೆಂಡೆಲ್ 1865ರಲ್ಲಿ ಬ್ರನೋ ನಗರದಲ್ಲಿ ಓದಿ, 1866ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಬಟಾಣಿಯ ಗುಣಗಳನ್ನು ಎರಡು ಬಗೆಯಾಗಿ ವಿಂಗಡಿಸಿದ. ಸಂಕರ ಗಿಡದಲ್ಲಿ ಎದ್ದು ಕಾಣುವುದನ್ನು ಡಾಮಿನೆಂಟ್ ಎಂದ. ಇನ್ನೊಂದನ್ನು ರಿಸೆಸಿವ್ ಎಂದ. ರಿಸೆಸಿವ್ ಎಂದರೆ ಹಿಂದೆ ಸರಿದದ್ದು. ಆ ಹೆಸರೇ ಏಕೆ ಎಂಬುದನ್ನು ಆತನೇ ವಿವರಿಸಿದ್ದಾನೆ. ಆ ಗುಣಗಳು ಸಂಕರದಲ್ಲಿ ಹಿಂದೆ ಸರಿಯುತ್ತವೆ, ಆದರೆ ಅದರ ಸಂತಾನದಲ್ಲಿ ಸ್ವಲ್ಪವೂ ಬದಲಾಗದೆ ಮತ್ತೆ ಕಾಣಿಸಿಕೊಳ್ಳುತ್ತವೆ.

ಅಂಕಿಗಳು ಪ್ರಸಿದ್ಧವಾಗಿವೆ. ದುಂಡು ಬೀಜ ಮತ್ತು ಸುಕ್ಕು ಬೀಜದ ಗಿಡಗಳ ಸಂಕರದಲ್ಲಿ ಮೊದಲ ಪೀಳಿಗೆಯ ಬೀಜಗಳೆಲ್ಲ ದುಂಡು. ಮುಂದಿನ ಪೀಳಿಗೆಯ 7324 ಬೀಜಗಳಲ್ಲಿ 5474 ದುಂಡು, 1850 ಸುಕ್ಕು. ಅಂದರೆ ಸುಮಾರು 3:1. ಮಾಯವಾಗಿದ್ದ ಸುಕ್ಕು ಹಿಂದಿರುಗಿತು, ಅದೂ ಅರೆಬರೆಯಾಗಿ ಅಲ್ಲ, ಪೂರ್ಣವಾಗಿ. ತಂದೆತಾಯಿಯರ ಗುಣಗಳು ಹಾಲುನೀರಿನಂತೆ ಬೆರೆಯುತ್ತವೆ ಎಂಬ ಅಂದಿನ ನಂಬಿಕೆಗೆ ಇದು ಪೆಟ್ಟು ಕೊಟ್ಟಿತು. ಬೆರೆತದ್ದು ಹೀಗೆ ಬೇರೆಯಾಗಿ ಮರಳಿ ಬರಲಾರದು. ಹಿಂದೆ ಸರಿದು ನಿಂತದ್ದು ಬರಬಲ್ಲದು. ಇಡೀ ಸಿದ್ಧಾಂತದ ತಿರುಳು ಆ ಒಂದು ಉಪಸರ್ಗದಲ್ಲಿದೆ. ಮೆಂಡೆಲ್‌ನ ಕೆಲಸವೂ ಹಾಗೆಯೇ ಹಿಂದೆ ಸರಿದಿದ್ದು, 1900ರಲ್ಲಿ ಡಿ ವ್ರೀಸ್, ಕಾರೆನ್ಸ್ ಮತ್ತು ಚೆರ್ಮಾಕ್ ಅವರ ಮೂಲಕ ಮತ್ತೆ ಬೆಳಕಿಗೆ ಬಂತು.

ಕನ್ನಡದಲ್ಲಿ ಈ ಜೋಡಿಗೆ ಪ್ರಬಲ–ದುರ್ಬಲ ಎಂಬ ಪದಗಳು ಬಳಕೆಯಲ್ಲಿವೆ. ‘ಅಪ್ರಭಾವಿ’ ಎಂದೂ ಕೆಲವರು ಬರೆಯುತ್ತಾರೆ. ‘ದುರ್ಬಲ’ ಎಂದೊಡನೆ ವಿದ್ಯಾರ್ಥಿಗೆ ತೋಚುವುದು ಶಕ್ತಿಯಿಲ್ಲದ್ದು, ಕಾಲಕ್ರಮದಲ್ಲಿ ಅಳಿದುಹೋಗುವಂಥದ್ದು ಎಂದು. ಎರಡೂ ತಪ್ಪು. ಥಲಸ್ಸೀಮಿಯ ಮತ್ತು ಕುಡುಗೋಲು ಕಣ ರೋಗಗಳನ್ನು ನೋಡಿ. ಇವುಗಳಿಗೆ ಕಾರಣವಾದ ಜೀನ್ ರಿಸೆಸಿವ್ ರೀತಿಯಲ್ಲಿ ಬರುವಂಥದ್ದು. ಅದರ ಒಂದು ಪ್ರತಿ ಮಾತ್ರ ಇರುವ ವ್ಯಕ್ತಿ ಸಾಮಾನ್ಯವಾಗಿ ಆರೋಗ್ಯದಿಂದಿರುತ್ತಾನೆ, ತಾನು ವಾಹಕ ಎಂಬುದು ಅವನಿಗೆ ತಿಳಿಯದೆಯೂ ಇರಬಹುದು. ಅಂಥ ಇಬ್ಬರು ತಂದೆತಾಯಿಗಳಾದರೆ ಪ್ರತಿ ಮಗುವಿಗೂ ತೀವ್ರ ರೋಗ ಬರುವ ಸಂಭಾವ್ಯತೆ ನಾಲ್ಕರಲ್ಲಿ ಒಂದು. ಇದನ್ನು ‘ದುರ್ಬಲ’ ಎನ್ನುವುದು ಹೇಗೆ? ಹಿಂದೆ ಸರಿದು ನಿಂತಿದೆ, ಸಂದರ್ಭ ಕೂಡಿದರೆ ಮುಂದೆ ಬರುತ್ತದೆ ಎಂದು ತಿಳಿಸಿದರೆ ರಕ್ತಪರೀಕ್ಷೆಯ ಅಗತ್ಯವೂ ವಿದ್ಯಾರ್ಥಿಗೆ ಅರ್ಥವಾಗುತ್ತದೆ. ಪಠ್ಯದ ಪದವನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲದಿರಬಹುದು, ಅದರ ಅರ್ಥವನ್ನು ಬಿಡಿಸಿ ಹೇಳುವುದು ನಮ್ಮ ಕೈಯಲ್ಲೇ ಇದೆ.

ಮೋಸಗೊಳಿಸುವ ‘ರಿ’ಗಳು

ಪದವನ್ನು ಒಡೆದು ಅರ್ಥ ಹೇಳುವ ಉತ್ಸಾಹದಲ್ಲಿ ಎಚ್ಚರ ತಪ್ಪಬಾರದು. ‘ರಿಸರ್ಚ್ ಎಂದರೆ ರೀ–ಸರ್ಚ್, ಈಗಾಗಲೇ ಹುಡುಕಿದ್ದನ್ನು ಮತ್ತೆ ಹುಡುಕುವುದು’ ಎಂಬ ಮಾತನ್ನು ಭಾಷಣಗಳಲ್ಲಿ ಕೇಳುತ್ತೇವೆ. ಚಪ್ಪಾಳೆ ಗಿಟ್ಟಿಸುವ ಮಾತು ಇದು, ಆದರೆ ಸರಿಯಲ್ಲ. ಪದ ಬಂದದ್ದು ಹಳೆಯ ಫ್ರೆಂಚಿನಿಂದ. ಅಲ್ಲಿ ಉಪಸರ್ಗ ಒತ್ತು ಕೊಡಲು ಬಂದಿದೆ: ಚೆನ್ನಾಗಿ, ಕೂಲಂಕಷವಾಗಿ ಹುಡುಕುವುದು ಎಂದರ್ಥ. ನಮ್ಮ ‘ಸಂಶೋಧನೆ’ಯ ‘ಸಂ’ ಮಾಡುವ ಕೆಲಸವೂ ಅದೇ. ಶೋಧಿಸು ಎಂಬುದಕ್ಕೆ ಹುಡುಕು ಎಂಬ ಅರ್ಥದ ಜೊತೆಗೆ ಸೋಸಿ ಶುದ್ಧ ಮಾಡು ಎಂಬ ಅರ್ಥವೂ ಇರುವುದು ಕನ್ನಡದ ಲಾಭ.

‘ರಿ’ ಅಥವಾ ‘ರೆ’ ಎಂದು ಆರಂಭವಾಗುವ ಪದಗಳಲ್ಲೆಲ್ಲ ಈ ಉಪಸರ್ಗ ಇರುವುದೂ ಇಲ್ಲ. ರೆಟಿನ ಎಂಬುದರ ಮೂಲ ‘ಬಲೆ’ ಎಂಬ ಅರ್ಥದ ಪದ. ರೆಪ್ಟೈಲ್ ಬಂದದ್ದು ‘ತೆವಳು’ ಎಂಬ ಧಾತುವಿನಿಂದ. ಮೂತ್ರಪಿಂಡಕ್ಕೆ ಸಂಬಂಧಿಸಿದ ರೀನಲ್‌ನ ಮೂಲ ಮೂತ್ರಪಿಂಡದ ಲ್ಯಾಟಿನ್ ಹೆಸರೇ. ರೆಡಾಕ್ಸ್‌ನಲ್ಲಿರುವುದು ‘ರೆಡ್’ ಎಂಬ ರೂಪವಲ್ಲ, ರಿಡಕ್ಷನ್ ಮತ್ತು ಆಕ್ಸಿಡೇಷನ್ ಪದಗಳ ತುಣುಕುಗಳ ಜೋಡಣೆ. ಕನ್ನಡದಲ್ಲೂ ಇಂಥ ಮೋಸವಿದೆ. ಮರುದಿನ, ಮರುಹುಟ್ಟುಗಳಲ್ಲಿರುವ ‘ಮರು’ವೇ ಮರುಭೂಮಿಯಲ್ಲೂ ಇದೆ ಎಂದುಕೊಂಡರೆ ತಪ್ಪು. ಅಲ್ಲಿರುವುದು ನೀರಿಲ್ಲದ ಪ್ರದೇಶ ಎಂಬ ಅರ್ಥದ ಸಂಸ್ಕೃತ ಪದ.

ನಮ್ಮ ಲಿಪಿ ಇಲ್ಲಿ ಒಂದು ಸಹಾಯ ಮಾಡುತ್ತದೆ. ಇಂಗ್ಲಿಷಿನ ಬರವಣಿಗೆಯಲ್ಲಿ ಉಪಸರ್ಗ ಎಲ್ಲೆಡೆ ಒಂದೇ ರೀತಿ ಕಾಣುತ್ತದೆ. ಕನ್ನಡದಲ್ಲಿ ಉಚ್ಚಾರಣೆಗೆ ತಕ್ಕಂತೆ ಬರೆಯುವುದರಿಂದ ರಿ, ರೆ, ರೀ ಎಂಬ ಮೂರು ರೂಪಗಳು ಕಾಣುತ್ತವೆ. ರಿಡಕ್ಷನ್, ರಿಸಲ್ಟ್, ರೆವಲ್ಯೂಷನ್ ಇವು ಲ್ಯಾಟಿನ್ ಕಾಲದಲ್ಲೇ ಬೆಸೆದುಕೊಂಡ ಹಳೆಯ ಪದಗಳು. ರೀಫಿಲ್, ರೀಚಾರ್ಜ್, ರೀಸೈಕಲ್ ಮುಂತಾದವುಗಳಲ್ಲಿ ಇಂಗ್ಲಿಷರೇ ಆಮೇಲೆ ‘ಮತ್ತೆ’ ಎಂಬ ಅರ್ಥದಲ್ಲಿ ಉಪಸರ್ಗವನ್ನು ಹಚ್ಚಿದ್ದಾರೆ. ದೀರ್ಘ ‘ರೀ’ ಕೇಳಿದರೆ ‘ಮತ್ತೆ’ ಎಂಬ ಅರ್ಥ ಬಹುಮಟ್ಟಿಗೆ ಖಚಿತ. ‘ರಿಕವರ್’ ಎಂದರೆ ಚೇತರಿಸಿಕೊಳ್ಳುವುದು, ‘ರೀಕವರ್’ ಎಂದರೆ ಮತ್ತೆ ಹೊದಿಸುವುದು. ಇದು ನಿಯಮವಲ್ಲ, ಒಂದು ಸುಳಿವು ಮಾತ್ರ.

ನಮ್ಮ ‘ಮರು’

ಹೊಸ ಪದ ಕಟ್ಟುವಾಗ ‘ರಿ’ಗೆ ಬದಲಾಗಿ ಕನ್ನಡದಲ್ಲಿ ಬಳಸಲು ಪುನರ್, ಪ್ರತಿ, ಅನು ಎಂಬ ಸಂಸ್ಕೃತದ ರೂಪಗಳೂ ‘ಮರು’ ಎಂಬ ಕನ್ನಡದ ರೂಪವೂ ಇವೆ. ‘ಮರು’ವಿಗೆ ಲ್ಯಾಟಿನ್ ಉಪಸರ್ಗದಷ್ಟೇ ವ್ಯಾಪ್ತಿ ಇದೆ. ಮರುಹುಟ್ಟಿನಲ್ಲಿ ಮತ್ತೆ, ಮರುದನಿಯಲ್ಲಿ ಹಿಂದಕ್ಕೆ, ಮಾರುತ್ತರದಲ್ಲಿ ಎದುರಾಗಿ. ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಬೆಸೆದರೆ ಅರಿಸಮಾಸವೆಂದು ವ್ಯಾಕರಣ ಆಕ್ಷೇಪಿಸುತ್ತದೆ. ಆದರೂ ಕೊಳವೆಬಾವಿಗೆ ಮಳೆನೀರನ್ನು ಇಂಗಿಸುವ ಕೆಲಸಕ್ಕೆ ‘ಮರುಪೂರಣ’ ಎಂಬ ಪದ ನಿಂತಿದೆ. ಇಂಗ್ಲಿಷಿನಲ್ಲಿ ಇದಕ್ಕೆ ಹೇಳುವ ರೀಚಾರ್ಜ್ ಪದದ ಬೇರು ಗಾಡಿಗೆ ಹೇರು ತುಂಬುವುದರಲ್ಲಿದೆ. ಅಂತರ್ಜಲಕ್ಕೆ ‘ಮತ್ತೆ ತುಂಬುವುದು’ ಎಂದು ನೇರವಾಗಿ ಹೇಳುವ ಮರುಪೂರಣವೇ ಮೇಲು.

ಇಂಥ ಪದ ಎದುರಾದಾಗ ಒಂದು ಪ್ರಶ್ನೆ ಕೇಳುವ ಅಭ್ಯಾಸವನ್ನು ವಿದ್ಯಾರ್ಥಿಗಳಲ್ಲಿ ಬೆಳೆಸಬಹುದು: ‘ಏನು ಹಿಂದಿರುಗುತ್ತಿದೆ? ಎಲ್ಲಿಗೆ?’ ರಿಡಕ್ಷನ್‌ನಲ್ಲಿ ಲೋಹ, ರೆವಲ್ಯೂಷನ್‌ನಲ್ಲಿ ಗ್ರಹ, ರಿಫ್ಲೆಕ್ಷನ್‌ನಲ್ಲಿ ಬೆಳಕು ಎಂದು ಉತ್ತರ ಬರುತ್ತದೆ. ರಿಸೆಸಿವ್‌ನಲ್ಲಿ ಗುಣ ಮೊದಲು ಹಿಂದೆ ಸರಿಯುತ್ತದೆ, ಆಮೇಲೆ ಮರಳುತ್ತದೆ. ಉತ್ತರ ಸಿಗದಿದ್ದರೆ ಅಲ್ಲಿ ಉಪಸರ್ಗ ಬೇರೆ ಅರ್ಥದಲ್ಲಿದೆ ಅಥವಾ ಇಲ್ಲವೇ ಇಲ್ಲ ಎಂದು ತಿಳಿದು ನಿಘಂಟನ್ನು ತೆರೆಯಬೇಕು. ಹಿಂದಿನ ಬೆಂಚಿನ ಆ ಹುಡುಗನಿಗೆ ಹೇಳಬೇಕಾದ ಉತ್ತರವೂ ಈಗ ಚಿಕ್ಕದು: ‘ಅಂಗಡಿಯ ರಿಡಕ್ಷನ್‌ನಲ್ಲಿ ಬೆಲೆ ಇಳಿಯುತ್ತದೆ. ಕುಲುಮೆಯ ರಿಡಕ್ಷನ್‌ನಲ್ಲಿ ಲೋಹ ತನ್ನ ಎಲೆಕ್ಟ್ರಾನುಗಳನ್ನು ಹಿಂದಕ್ಕೆ ಪಡೆದು ಮನೆಗೆ ಬರುತ್ತದೆ.’